ಗೋದಾಮಿನೊಳಗಿನ ನೆರೆಹೊರೆ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಸಪ್ತಾಹದ ಸಡಗರ. ಶಾಲೆಗಳಲ್ಲಿ ಅಣಕು ಪ್ರದರ್ಶನ, ಬಸ್ ನಿಲ್ದಾಣಗಳಲ್ಲಿ ಕರಪತ್ರ ಹಂಚಿಕೆ ಎಲ್ಲ ನಡೆಯುತ್ತದೆ. ಈ ದಿನಾಂಕ ಗೊತ್ತಾದದ್ದು ಒಂದು ಹಡಗಿನಿಂದ ಎಂಬುದನ್ನು ನೆನಪಿಟ್ಟವರು ಮಾತ್ರ ಕಡಿಮೆ.

1944ರಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ‘ಫೋರ್ಟ್ ಸ್ಟಿಕೀನ್’ ಎಂಬ ಸರಕು ಹಡಗು ಇಂಗ್ಲೆಂಡಿನಿಂದ ಹೊರಟು ಕರಾಚಿಯನ್ನು ಮುಟ್ಟಿ ಮುಂಬಯಿಯ ವಿಕ್ಟೋರಿಯಾ ಡಾಕಿಗೆ ಬಂದು ನಿಂತಿತು. ಅದರಲ್ಲಿ ಸುಮಾರು 1,400 ಟನ್ ಮದ್ದುಗುಂಡುಗಳಿದ್ದವು, ಜೊತೆಗೆ ಚಿನ್ನದ ಗಟ್ಟಿಗಳು. ಅವಲ್ಲದೆ ಹತ್ತಿಯ ಬೇಲು, ಎಣ್ಣೆಯ ಪೀಪಾಯಿ, ಮರಮುಟ್ಟುಗಳನ್ನೂ ತುಂಬಿದ್ದರು. ಏಪ್ರಿಲ್ 14ರ ಮಧ್ಯಾಹ್ನ ಹತ್ತಿ ತುಂಬಿದ್ದ ಅಂಕಣದಿಂದ ಹೊಗೆ ಎದ್ದಿತು. ಅದೇ ಅಂಕಣದಲ್ಲಿ ಸ್ಫೋಟಕಗಳೂ ಇದ್ದವು. ಅಗ್ನಿಶಾಮಕ ದಳದವರು ನೀರು ಸುರಿದೇ ಸುರಿದರು. ಒತ್ತಿ ಕಟ್ಟಿದ ಹತ್ತಿಯ ಬೇಲಿನೊಳಗೆ ಕನಲುವ ಬೆಂಕಿ ಮೇಲಿನಿಂದ ಬಿದ್ದ ನೀರಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು. ಸುಮಾರು ಅರ್ಧ ಗಂಟೆಯ ನಂತರ ಮತ್ತೊಮ್ಮೆ ಸಿಡಿಯಿತು. ಚಿನ್ನದ ಗಟ್ಟಿಯೊಂದು ಹಾರಿ ದೂರದ ಮನೆಯ ಮಾಡನ್ನು ಸೀಳಿಕೊಂಡು ಒಳಗೆ ಬಿತ್ತಂತೆ. ಸತ್ತವರ ಅಂದಾಜು 800ರಿಂದ 1,300ರವರೆಗೆ ಹೋಗುತ್ತದೆ. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಬಂದವರು ಎಂಬುದು ಸರ್ಕಾರಿ ಲೆಕ್ಕ. ಸಪ್ತಾಹ ಅವರ ನೆನಪಿನದು.

ಆ ಹಡಗಿನಲ್ಲಿದ್ದ ಒಂದೊಂದು ಸರಕನ್ನೂ ಪ್ರತ್ಯೇಕವಾಗಿ ನೋಡಿದರೆ ಯುದ್ಧಕಾಲದ ಯಾವ ಬಂದರಿನಲ್ಲೂ ಕಾಣುವಂಥದ್ದೇ. ಹತ್ತಿಯನ್ನು ಕಂಡು ಯಾರೂ ಹೆದರುವುದಿಲ್ಲ. ಮದ್ದುಗುಂಡು ಕೂಡ ತನ್ನಷ್ಟಕ್ಕೆ ತಣ್ಣಗಿದ್ದರೆ ವರ್ಷಗಟ್ಟಲೆ ಇರುತ್ತದೆ. ಎರಡನ್ನೂ ಒಂದೇ ಅಂಕಣಕ್ಕೆ ಇಳಿಸಿದ್ದೇ ಮುಂಬಯಿಯನ್ನು ಸುಟ್ಟಿತು. ಅಪಾಯಕಾರಿ ರಾಸಾಯನಿಕಗಳ ಸಂಗ್ರಹದ ಬಗ್ಗೆ ಇವತ್ತು ಜಗತ್ತಿನಲ್ಲಿರುವ ನೂರಾರು ಪುಟಗಳ ನಿಯಮಾವಳಿಗಳೆಲ್ಲ ಹೆಚ್ಚುಕಡಿಮೆ ಈ ಒಂದು ಸಂಗತಿಯ ಸುತ್ತ ಹೆಣೆದುಕೊಂಡಿವೆ. ಒಂದು ವಸ್ತು ಎಷ್ಟು ಅಪಾಯಕಾರಿ ಎಂಬುದು ಅರ್ಧ ಪ್ರಶ್ನೆ. ಅದರ ಪಕ್ಕದಲ್ಲಿ ಏನಿದೆ ಎಂಬುದು ಉಳಿದರ್ಧ.

ಕಾಲೇಜಿನ ಪ್ರಯೋಗಾಲಯಗಳಲ್ಲಿ ಈ ಉಳಿದರ್ಧವನ್ನು ಮರೆಯುವುದು ಬಹಳ ಸಲೀಸು. ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಕಪಾಟಿನಲ್ಲಿ ಜೋಡಿಸುತ್ತಾರೆ. ನೋಡಲು ಅಚ್ಚುಕಟ್ಟು, ಹುಡುಕಲು ಸುಲಭ. ಆದರೆ ಹಾಗೆ ಜೋಡಿಸಿದರೆ ಹೈಡ್ರಜೀನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹತ್ತಿರ ಹತ್ತಿರ ಬಂದು ಕೂರುತ್ತವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ‘ಕೊಮೆಟ್’ ರಾಕೆಟ್ ವಿಮಾನ ಹಾರುತ್ತಿದ್ದದ್ದು ಇದೇ ಜೋಡಿಯ ಬಲದಿಂದ. ಒಂದು ಟ್ಯಾಂಕಿನಲ್ಲಿ ಹೈಡ್ರಜೀನ್ ಬೆರೆತ ಇಂಧನ, ಇನ್ನೊಂದರಲ್ಲಿ ಗಾಢ ಹೈಡ್ರೋಜನ್ ಪೆರಾಕ್ಸೈಡ್. ಎರಡೂ ಸೋಕಿದರೆ ಸಾಕು, ಕಿಡಿ ಬೇಕಿಲ್ಲ, ತಾವಾಗಿಯೇ ಹೊತ್ತಿಕೊಳ್ಳುತ್ತವೆ. ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಂತದ ವಿಕಾಸ್ ಎಂಜಿನ್ ಕೂಡ ಇದೇ ತತ್ವದ್ದು, ದ್ರವಗಳು ಬೇರೆ ಅಷ್ಟೆ. ರಾಕೆಟ್ ಎಂಜಿನಿಯರು ಬೇಕೆಂದೇ ಮಾಡುವುದನ್ನು ಗುಮಾಸ್ತ ಅಕ್ಷರಮಾಲೆ ನೋಡಿಕೊಂಡು ಅರಿಯದೆ ಮಾಡಬಲ್ಲ.

ಹಾಗಾದರೆ ಜೋಡಿಸುವುದು ಹೇಗೆ? ಗುಣ ನೋಡಿ. ವಿಶ್ವಸಂಸ್ಥೆಯ ಪರಿಣತರ ಸಮಿತಿ ರೂಪಿಸಿದ, ಲೋಕದ ಬಹುಪಾಲು ದೇಶಗಳು ಒಪ್ಪಿಕೊಂಡಿರುವ ಪದ್ಧತಿಯಲ್ಲಿ ಅಪಾಯಕಾರಿ ಸರಕುಗಳಿಗೆ ಒಂಬತ್ತು ವರ್ಗಗಳಿವೆ. ಮೊದಲನೆಯದು ಸ್ಫೋಟಕಗಳು, ಅಂದರೆ ದೀಪಾವಳಿಯ ಪಟಾಕಿಯಿಂದ ಹಿಡಿದು ಕಲ್ಲು ಕ್ವಾರಿಯ ಜಿಲೆಟಿನ್ ಕಡ್ಡಿಯವರೆಗೆ. ಎರಡನೆಯದು ಅನಿಲಗಳು, ಅಡುಗೆಮನೆಯ ಸಿಲಿಂಡರು, ನೀರು ಶುದ್ಧೀಕರಣ ಘಟಕದ ಕ್ಲೋರಿನ್ ಎರಡೂ ಇಲ್ಲಿ ಬಂದರೂ ಉಪವರ್ಗ ಬೇರೆ, ಏಕೆಂದರೆ ಒಂದು ಸುಡುತ್ತದೆ, ಇನ್ನೊಂದು ಉಸಿರು ಕಟ್ಟಿಸುತ್ತದೆ. ಮೂರನೆಯದು ಬೇಗ ಹೊತ್ತುವ ದ್ರವಗಳು. ನಾಲ್ಕರಲ್ಲಿ ಹೊತ್ತುವ ಘನಗಳು, ತಾವಾಗಿ ಹೊತ್ತುವವು ಮತ್ತು ನೀರು ಸೋಕಿದರೆ ಸಿಡುಕುವವು. ಐದು ಎಂದರೆ ಆಕ್ಸಿಡೈಸರುಗಳು ಹಾಗೂ ಆರ್ಗಾನಿಕ್ ಪೆರಾಕ್ಸೈಡುಗಳು. ಆರು ವಿಷಗಳು ಮತ್ತು ಸೋಂಕು ಹರಡುವ ವಸ್ತುಗಳು, ಏಳು ವಿಕಿರಣ ಸೂಸುವವು, ಎಂಟು ಚರ್ಮ ಮತ್ತು ಲೋಹ ತಿನ್ನುವ ಆಮ್ಲ ಕ್ಷಾರಗಳು. ಎಲ್ಲೂ ಸೇರದ್ದಕ್ಕೆ ಒಂಬತ್ತು. ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿ ಇರುವುದು ಅಲ್ಲಿ.

ಈ ವರ್ಗೀಕರಣವನ್ನು ನೋಡಲು ಕಾರ್ಖಾನೆಗೆ ಹೋಗಬೇಕಿಲ್ಲ. ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡವರು ಅದರ ಬೆನ್ನ ಮೇಲಿನ ಫಲಕವನ್ನು ಓದಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಕಡ್ಡಾಯ. ಅದರಲ್ಲಿರುವ 1203 ಎಂಬ ಸಂಖ್ಯೆ ಪೆಟ್ರೋಲಿನದು, ಜಗತ್ತಿನ ಎಲ್ಲ ಕಡೆ ಅದೇ. ಎಲ್‌ಪಿಜಿಗೆ 1075, ಕ್ಲೋರಿನ್‌ಗೆ 1017, ಗಂಧಕಾಮ್ಲಕ್ಕೆ 1830. ಪಕ್ಕದಲ್ಲಿ ‘3 ವೈ ಇ’ ಎಂಬಂಥ ಒಂದು ಗುಟ್ಟಿನ ಬರಹ ಇರುತ್ತದೆ. ಅದು ಅಗ್ನಿಶಾಮಕ ಸಿಬ್ಬಂದಿಗೆ ಬರೆದದ್ದು. ಮೊದಲ ಅಂಕಿ 3 ಎಂದರೆ ನೊರೆ ಬಳಸಿ ಎಂದು. 1 ಇದ್ದರೆ ನೀರಿನ ಧಾರೆ ಸಾಕು, 2 ಇದ್ದರೆ ಮಂಜಿನಂಥ ಸಿಂಚನ, 4 ಇದ್ದರೆ ನೀರು ಹತ್ತಿರ ತರಲೇಬೇಡಿ, ಒಣ ಪುಡಿ ಹಾಕಿ. ನಡುವಿನ ಅಕ್ಷರ ಯಾವ ರಕ್ಷಾಕವಚ ಬೇಕು, ಸೋರಿದ್ದನ್ನು ತಡೆದು ನಿಲ್ಲಿಸಬೇಕೋ ನೀರು ಬೆರೆಸಿ ಹರಿಯಬಿಡಬೇಕೋ ಎಂಬುದನ್ನು ತಿಳಿಸುತ್ತದೆ. ಕೊನೆಯ ‘ಇ’ ಕಂಡರೆ ಸುತ್ತಲಿನ ಜನರನ್ನು ತೆರವು ಮಾಡಿಸುವ ಯೋಚನೆ ಮಾಡಬೇಕು. ಮೂರೇ ಗುರುತುಗಳಲ್ಲಿ ಇಷ್ಟೆಲ್ಲ ಹೇಳುವ ಜಾಣ್ಮೆಗೆ ತಲೆದೂಗಲೇಬೇಕು.

ಹೊತ್ತುವ ದ್ರವಗಳ ಗುಂಪಿನೊಳಗೂ ಮೇಲುಕೀಳುಗಳಿವೆ. ಅದನ್ನು ಅಳೆಯುವ ಮಾಪನವೇ ಫ್ಲಾಶ್ ಪಾಯಿಂಟ್. ದ್ರವ ಸುಡುವುದಿಲ್ಲ, ಅದರಿಂದೇಳುವ ಆವಿ ಸುಡುತ್ತದೆ. ಕಿಡಿ ತೋರಿಸಿದರೆ ಹೊತ್ತುವಷ್ಟು ಆವಿ ಯಾವ ತಾಪಮಾನದಲ್ಲಿ ಏಳುತ್ತದೋ ಅದು ಆ ದ್ರವದ ಫ್ಲಾಶ್ ಪಾಯಿಂಟ್. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹಿಮಾಲಯದ ಚಳಿಯಲ್ಲೂ ಅದು ಹೊತ್ತಲು ಸಿದ್ಧ. ಅಸಿಟೋನ್‌ನದು ಸೊನ್ನೆಯ ಕೆಳಗೆ 20ರ ಹತ್ತಿರ, ಕೊರೊನಾ ಕಾಲದಲ್ಲಿ ಮನೆ ಮಾತಾದ ಐಸೊಪ್ರೊಪೈಲ್ ಆಲ್ಕೋಹಾಲಿನದು 12 ಡಿಗ್ರಿ. ಭಾರತದ ಪೆಟ್ರೋಲಿಯಂ ಕಾನೂನು 23 ಡಿಗ್ರಿಗಿಂತ ಕೆಳಗಿನವನ್ನು ‘ಎ’ ವರ್ಗ, 23ರಿಂದ 65ರವರೆಗಿನವನ್ನು ‘ಬಿ’, 65ರಿಂದ 93ರವರೆಗಿನವನ್ನು ‘ಸಿ’ ಎನ್ನುತ್ತದೆ. ಪೆಟ್ರೋಲ್ ‘ಎ’, ಸೀಮೆಎಣ್ಣೆ ಮತ್ತು ಡೀಸೆಲ್ ‘ಬಿ’, ಬಾಯ್ಲರಿಗೆ ಹಾಕುವ ಫರ್ನೇಸ್ ಆಯಿಲ್ ‘ಸಿ’. ಮಾರಾಟಕ್ಕಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳುವ ‘ಎ’ ವರ್ಗದ ಎಣ್ಣೆ 30 ಲೀಟರ್ ದಾಟಿದರೆ ಪರವಾನಗಿ ಬೇಕು. ‘ಬಿ’ ವರ್ಗಕ್ಕೆ ಆ ಮಿತಿ 2,500 ಲೀಟರ್.

ಕಲಬುರಗಿ, ರಾಯಚೂರಿನ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸೀಮೆಎಣ್ಣೆಗೆ ನಮ್ಮಲ್ಲಿ ನಿಗದಿಯಾಗಿರುವ ಕನಿಷ್ಠ ಫ್ಲಾಶ್ ಪಾಯಿಂಟ್ 35 ಡಿಗ್ರಿ. ಅಮೆರಿಕದ ಅಗ್ನಿ ಸಂಹಿತೆ ‘ಬೇಗ ಹೊತ್ತುವ’ ಮತ್ತು ‘ನಿಧಾನಕ್ಕೆ ಹೊತ್ತುವ’ ದ್ರವಗಳ ನಡುವೆ ಬಹುಕಾಲದಿಂದ ಗೆರೆ ಎಳೆದಿರುವುದು 37.8 ಡಿಗ್ರಿಯಲ್ಲಿ. ಮೇ ತಿಂಗಳ ಕಲಬುರಗಿಯಲ್ಲಿ ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಶೆಡ್ಡಿನೊಳಗಿನ ಸೆಕೆ ಕೇಳಬೇಡಿ. ತಂಪು ನಾಡಿನ ಪುಸ್ತಕದಲ್ಲಿ ‘ಪರವಾಗಿಲ್ಲ’ ಎಂದಿರುವ ದ್ರವ ಬಿಸಿಲುನಾಡಿನ ಶೆಡ್ಡಿನಲ್ಲಿ ಆಗಲೇ ಆವಿಯಾಡುತ್ತಿರುತ್ತದೆ. ನೆರಳು, ಗಾಳಿ, ಬಿಳಿ ಬಣ್ಣ ಬಳಿದ ಚಾವಣಿ ನಮ್ಮಲ್ಲಿ ಅಂದಚೆಂದದ ವಿಷಯವಲ್ಲ.

ಒಂಬತ್ತು ವರ್ಗಗಳಲ್ಲಿ ಜನ ಅತಿ ಹಗುರವಾಗಿ ಕಾಣುವುದು ಐದನೆಯದನ್ನು. ಆಕ್ಸಿಡೈಸರ್ ತಾನು ಸುಡುವುದಿಲ್ಲ, ಸುಡುವವರಿಗೆ ಆಮ್ಲಜನಕ ಒದಗಿಸುತ್ತದೆ. ಅದರ ಮೂಟೆಯನ್ನು ನೋಡಿದರೆ ಗೊಬ್ಬರ, ಉಪ್ಪು, ಸೋಡಾಪುಡಿ ಅನ್ನಿಸುತ್ತದೆಯೇ ಹೊರತು ಭಯ ಹುಟ್ಟುವುದಿಲ್ಲ. ಅಮೋನಿಯಂ ನೈಟ್ರೇಟ್ ಇದಕ್ಕೆ ಮೊದಲ ಉದಾಹರಣೆ. ಹೊಲಕ್ಕೆ ಹಾಕಿದರೆ ಸಾರಜನಕ ಕೊಡುವ ಈ ಬಿಳಿ ಹರಳಿಗೆ ನೂರಕ್ಕೆ ಆರು ಪಾಲು ಡೀಸೆಲ್ ಬೆರೆಸಿದರೆ ಕ್ವಾರಿಗಳಲ್ಲಿ ಬಂಡೆ ಒಡೆಯುವ ಮದ್ದಾಗುತ್ತದೆ. ಅಂದರೆ ಗೋದಾಮಿನಲ್ಲಿ ಅದರ ಪಕ್ಕ ಡೀಸೆಲ್ ಪೀಪಾಯಿ ಇಟ್ಟವನು ಮದ್ದಿನ ಎರಡೂ ಪದಾರ್ಥಗಳನ್ನು ಹತ್ತಿರ ತಂದಿಟ್ಟಂತೆ. ಉಳಿದದ್ದು ಒಂದು ಸೋರಿಕೆ, ಒಂದು ಬೆಂಕಿ.

1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ‘ಗ್ರ್ಯಾಂಡ್‌ಕ್ಯಾಂಪ್’ ಹಡಗಿನ ಸರಕಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಸುಮಾರು 2,300 ಟನ್ ಅಮೋನಿಯಂ ನೈಟ್ರೇಟ್. ನೀರು ಹಾಕಿದರೆ ಸರಕು ಹಾಳಾದೀತೆಂದು ಹಡಗಿನವರು ಅಂಕಣದ ಬಾಗಿಲುಗಳನ್ನು ಮುಚ್ಚಿ ಒಳಗೆ ಹಬೆ ಬಿಟ್ಟರು. ಹಬೆ ತುಂಬಿಸಿ ಗಾಳಿ ತಪ್ಪಿಸುವುದು ಹಡಗುಗಳಲ್ಲಿ ಹಳೆಯ ರೂಢಿ, ಹತ್ತಿಗೋ ಮರಕ್ಕೋ ಅದು ಸರಿ. ಆದರೆ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುವ ವಸ್ತುವಿಗೆ ಹೊರಗಿನ ಗಾಳಿ ಯಾಕೆ ಬೇಕು? ಹಬೆ ಅದನ್ನು ಇನ್ನಷ್ಟು ಕಾಯಿಸಿತಷ್ಟೆ. ಸ್ಫೋಟದಲ್ಲಿ ಕನಿಷ್ಠ 581 ಜನ ಸತ್ತರು. ಬೆಂಕಿ ಆರಿಸುವ ವಿಧಾನ ವರ್ಗದಿಂದ ವರ್ಗಕ್ಕೆ ಬೇರೆ ಎಂಬುದನ್ನು ಇದಕ್ಕಿಂತ ಕ್ರೂರವಾಗಿ ಯಾವ ಘಟನೆಯೂ ತೋರಿಸಿಲ್ಲ.

ಎಪ್ಪತ್ತಮೂರು ವರ್ಷಗಳ ನಂತರವೂ ಅದೇ ಬಿಳಿ ಹರಳು ಇನ್ನೊಂದು ಬಂದರನ್ನು ನುಂಗಿತು. ಜಾರ್ಜಿಯಾದಿಂದ ಮೊಜಾಂಬಿಕ್‌ಗೆ ಹೊರಟಿದ್ದ ‘ರೋಸಸ್’ ಎಂಬ ಮುದಿ ಹಡಗು 2013ರಲ್ಲಿ ಬೈರೂತಿನಲ್ಲಿ ಸಿಕ್ಕಿಕೊಂಡಿತು. ಅದರಲ್ಲಿದ್ದ 2,750 ಟನ್ ಅಮೋನಿಯಂ ನೈಟ್ರೇಟನ್ನು ಮರುವರ್ಷ ಬಂದರಿನ 12ನೇ ಗೋದಾಮಿಗೆ ಇಳಿಸಿದರು. ಕಸ್ಟಮ್ಸ್ ಅಧಿಕಾರಿಗಳಿಂದ ನ್ಯಾಯಾಲಯಕ್ಕೆ ಪತ್ರಗಳು ಹೋಗುತ್ತಲೇ ಇದ್ದವು, ಮೂಟೆಗಳು ಕದಲಲಿಲ್ಲ. ಅದೇ ಗೋದಾಮಿನಲ್ಲಿ ಪಟಾಕಿ, ಟೈರುಗಳೂ ಇದ್ದವೆಂದು ನಂತರದ ತನಿಖಾ ವರದಿಗಳು ಹೇಳಿದವು. ಒಂದನೇ ವರ್ಗ, ಐದನೇ ವರ್ಗ, ಜೊತೆಗೆ ಉರಿಯಲು ರಬ್ಬರು. 2020ರ ಆಗಸ್ಟ್ 4ರ ಸಂಜೆ ನಡೆದದ್ದನ್ನು ಜಗತ್ತು ಮೊಬೈಲ್ ಪರದೆಯಲ್ಲಿ ನೋಡಿತು. 200ಕ್ಕೂ ಹೆಚ್ಚು ಜನ ಸತ್ತರು, ಸುಮಾರು 3 ಲಕ್ಷ ಮಂದಿ ಮನೆ ಕಳೆದುಕೊಂಡರು.

ಆ ವಾರ ಭಾರತದಲ್ಲೂ ಅಧಿಕಾರಿಗಳು ಕಡತಗಳ ಧೂಳು ಕೊಡವಿದರು. ಚೆನ್ನೈ ಬಳಿಯ ಕಂಟೇನರ್ ನಿಲ್ದಾಣವೊಂದರಲ್ಲಿ, 2015ರಲ್ಲಿ ಕಸ್ಟಮ್ಸ್ ಮುಟ್ಟುಗೋಲು ಹಾಕಿಕೊಂಡ ಸುಮಾರು 740 ಟನ್ ಅಮೋನಿಯಂ ನೈಟ್ರೇಟ್ ಐದು ವರ್ಷಗಳಿಂದ ಹಾಗೆಯೇ ಬಿದ್ದಿತ್ತು. ಹರಾಜು ಹಾಕಿ ಕೆಲವೇ ದಿನಗಳಲ್ಲಿ ಹೈದರಾಬಾದಿಗೆ ಸಾಗಿಸಿದರು. ಐದು ವರ್ಷ ಆಗದ ಕೆಲಸ ಬೇರೊಂದು ದೇಶದ ಸಾವು ನೋಡಿ ವಾರದಲ್ಲಿ ಆಯಿತು. ಮರುವರ್ಷ ಅಮೋನಿಯಂ ನೈಟ್ರೇಟ್ ನಿಯಮಗಳಿಗೂ ತಿದ್ದುಪಡಿ ಬಂತು. ಕರ್ನಾಟಕಕ್ಕೆ ಆ ವರ್ಷ ಬೇರೆಯದೇ ಪಾಠ ಕಾದಿತ್ತು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡೂ ಕಡೆ ಕ್ವಾರಿಗೆಂದು ತಂದ ಸ್ಫೋಟಕಗಳು ಸಿಡಿದು ಕೂಲಿಯಾಳುಗಳು ಸತ್ತರು. ಹುಣಸೋಡಿನ ಸದ್ದು ಪಕ್ಕದ ಜಿಲ್ಲೆಗಳಿಗೂ ಕೇಳಿ ಜನ ಭೂಕಂಪವೆಂದು ಬೀದಿಗೆ ಬಂದಿದ್ದರು.

ಕೆಲವು ರಾಸಾಯನಿಕಗಳು ಒದ್ದೆಯಾಗಿದ್ದರೆ ಸಾಧು, ಕೆಲವು ಒಣಗಿದ್ದರೆ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಸೋಡಿಯಂ ತುಂಡನ್ನು ಸೀಮೆಎಣ್ಣೆಯಲ್ಲಿ, ಬಿಳಿ ರಂಜಕವನ್ನು ನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಸೋಡಿಯಂಗೆ ನೀರು ಶತ್ರು, ರಂಜಕಕ್ಕೆ ಗಾಳಿ ಶತ್ರು. ಇಷ್ಟು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಹಳೆಯ ಕಾಲೇಜುಗಳ ಕಪಾಟಿನ ಮೂಲೆಯಲ್ಲಿ ಉಳಿದಿರಬಹುದಾದ ಪಿಕ್ರಿಕ್ ಆಮ್ಲದ ಬಾಟಲಿಯ ಬಗ್ಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನೀರಿನ ಪಸೆ ಇರುವ ತನಕ ಅದು ಹಳದಿ ಪುಡಿ, ಒಣಗಿ ಮುಚ್ಚಳದ ಸುತ್ತ ಹರಳುಗಟ್ಟಿದರೆ ತಿರುಗಿಸುವ ತಿಕ್ಕಾಟಕ್ಕೇ ಸಿಡಿಯಬಲ್ಲದು. ಕೆಲವು ದೇಶಗಳಲ್ಲಿ ಇಂಥ ಬಾಟಲಿ ಸಿಕ್ಕರೆ ಶಾಲೆಯನ್ನೇ ಖಾಲಿ ಮಾಡಿಸಿ ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುತ್ತಾರೆ. ಈಥರ್ ಕೂಡ ಹಾಗೆಯೇ. ತೆರೆದಿಟ್ಟು ತಿಂಗಳುಗಳು ಕಳೆದರೆ ಗಾಳಿಯ ಜೊತೆ ಸೇರಿ ಸ್ಫೋಟಕ ಪೆರಾಕ್ಸೈಡುಗಳನ್ನು ಹುಟ್ಟಿಸಿಕೊಳ್ಳುತ್ತದೆ. ಆದ್ದರಿಂದ ಬಾಟಲಿ ಬಂದ ದಿನ, ತೆರೆದ ದಿನ ಎರಡನ್ನೂ ಅದರ ಮೇಲೆ ಬರೆಯಬೇಕೆಂಬ ನಿಯಮ. ಬರೆಯುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಒಣಗಿದರೆ ಅಪಾಯವಾಗುವ, ಪಿಕ್ರಿಕ್ ಆಮ್ಲದಂಥದ್ದೇ ಗುಣ ದೊಡ್ಡ ಪ್ರಮಾಣದಲ್ಲಿ ಆಡಿದ್ದು ಚೀನಾದ ಟಿಯಾಂಜಿನ್‌ನಲ್ಲಿ. 2015ರ ಆಗಸ್ಟ್ 12ರ ರಾತ್ರಿ ಅಲ್ಲಿನ ಬಂದರಿನ ರಾಸಾಯನಿಕ ಗೋದಾಮೊಂದು ಎರಡು ಬಾರಿ ಸಿಡಿದು 173 ಜನ ಸತ್ತರು ಅಥವಾ ಕಾಣೆಯಾದರು. ಸರ್ಕಾರದ ತನಿಖೆ ಕಂಡುಕೊಂಡ ಮೂಲ ಕಾರಣ ಹೀಗಿದೆ: ಕಂಟೇನರೊಂದರಲ್ಲಿದ್ದ ನೈಟ್ರೊಸೆಲ್ಯುಲೋಸನ್ನು ಒದ್ದೆಯಾಗಿಡುವ ದ್ರವ ಆವಿಯಾಗಿ ಹೋಗಿ, ಬೇಸಿಗೆಯ ಬಿಸಿಗೆ ಅದು ತಾನಾಗಿ ಹೊತ್ತಿತು. ಆ ಬೆಂಕಿ ಹರಡಿ ಸುಮಾರು 800 ಟನ್ ಅಮೋನಿಯಂ ನೈಟ್ರೇಟನ್ನು ತಲುಪಿತು. ಅಲ್ಲೇ 700 ಟನ್‌ನಷ್ಟು ಸೋಡಿಯಂ ಸಯನೈಡ್ ಕೂಡ ಇತ್ತು. ಹೊತ್ತುವುದು, ಆಮ್ಲಜನಕ ಕೊಡುವುದು, ವಿಷ ಎಲ್ಲ ಒಂದೇ ಅಂಗಳದಲ್ಲಿ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ.

ವಿಶಾಖಪಟ್ಟಣದ ಕಥೆಯಲ್ಲಿ ಬೆಂಕಿಯೇ ಇಲ್ಲ, ಆದರೂ ಇಲ್ಲಿ ಅದಕ್ಕೆ ಜಾಗವಿದೆ. ಪ್ಲಾಸ್ಟಿಕ್ ಮಾಡಲು ಬಳಸುವ ಸ್ಟೈರೀನ್ ದ್ರವವನ್ನು ತಣ್ಣಗಿಡಬೇಕು, ಅದು ತನ್ನೊಳಗೇ ಗಟ್ಟಿಯಾಗದಂತೆ ತಡೆಯುವ ಇನ್ನೊಂದು ರಾಸಾಯನಿಕವನ್ನು ಆಗಾಗ ಬೆರೆಸುತ್ತಿರಬೇಕು. 2020ರ ಲಾಕ್‌ಡೌನಿನಲ್ಲಿ ಅಲ್ಲಿನ ಕಾರ್ಖಾನೆಯೊಂದರ ಸ್ಟೈರೀನ್ ಟ್ಯಾಂಕು ವಾರಗಟ್ಟಲೆ ಅಲುಗದೆ ನಿಂತಿತು, ತಡೆಯುವ ರಾಸಾಯನಿಕ ಸಾಲದೆ ಹೋಯಿತು. ಥರ್ಮಾಮೀಟರ್ ಇದ್ದದ್ದು ಟ್ಯಾಂಕಿನ ತಳದಲ್ಲಿ ಮಾತ್ರ. ಕೆಳಗೆ ತಂಪು ತೋರಿಸುತ್ತಿದ್ದಾಗ ಮೇಲ್ಪದರ ಕುದಿಯುವತ್ತ ಸಾಗಿತ್ತು. ಮೇ 7ರ ನಸುಕಿನಲ್ಲಿ ಹೊರಬಿದ್ದ ಆವಿ 12 ಜನರನ್ನು ಕೊಂದಿತು. ಸಂಗ್ರಹ ಎಂದರೆ ತಂದಿಟ್ಟು ಬೀಗ ಹಾಕುವುದಲ್ಲ. ಇಟ್ಟಲ್ಲೇ ಬದಲಾಗುತ್ತಿರುವ ವಸ್ತುವನ್ನು ದಿನವೂ ನೋಡಿಕೊಳ್ಳುವುದು.

ಹಾಗಾದರೆ ಸರಿಯಾದ ಗೋದಾಮು ಹೇಗಿರುತ್ತದೆ? ಒಳಗೆ ಕಾಲಿಟ್ಟೊಡನೆ ಕಾಣುವುದು ಖಾಲಿ ಜಾಗ, ನಮ್ಮ ವರ್ತಕರ ಕಣ್ಣಿಗೆ ದಂಡವಾಗಿ ಹೋದ ಜಾಗ. ಆಮ್ಲಗಳ ಕೋಣೆ ಬೇರೆ, ಕ್ಷಾರಗಳದು ಬೇರೆ. ಹೊತ್ತುವ ದ್ರವಗಳಿಗೂ ಆಕ್ಸಿಡೈಸರುಗಳಿಗೂ ನಡುವೆ ಗಂಟೆಗಟ್ಟಲೆ ಬೆಂಕಿ ತಡೆಯುವ ಗೋಡೆ ಅಥವಾ ಸಾಕಷ್ಟು ಅಂತರ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಅದು ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಹಾಗಾಗಿ ಗಾಳಿಕಿಂಡಿ ಸೂರಿನ ಬಳಿ ಮಾತ್ರ ಇದ್ದರೆ ಸಾಲದು, ನೆಲಮಟ್ಟದಲ್ಲೂ ಬೇಕು. ಸ್ವಿಚ್ಚು, ದೀಪ, ಫ್ಯಾನುಗಳು ಕಿಡಿ ಹೊರಬಿಡದ ಬಗೆಯವು. ಡ್ರಮ್ಮಿನಿಂದ ಕ್ಯಾನಿಗೆ ದ್ರವ ಸುರಿಯುವಾಗ ಎರಡಕ್ಕೂ ತಂತಿ ಜೋಡಿಸಿ ಅರ್ಥಿಂಗ್ ಕೊಡುತ್ತಾರೆ, ಏಕೆಂದರೆ ಹರಿಯುವ ದ್ರವ ತಾನೇ ಸ್ಥಿರವಿದ್ಯುತ್ತನ್ನು ಹುಟ್ಟಿಸುತ್ತದೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುವ ಅಷ್ಟೇ ಕಿಡಿ ಟೊಲ್ಯೂಯಿನ್ ಆವಿಗೆ ಸಾಕು.

ನೆಲದ ಸುತ್ತ ಕಟ್ಟೆಯೂ ಬೇಕು. ಅತಿ ದೊಡ್ಡ ಟ್ಯಾಂಕು ಪೂರ್ತಿ ಸೋರಿದರೂ ಹೊರಗೆ ಹರಿಯದಷ್ಟು ಎತ್ತರದ ಕಟ್ಟೆ. ಇದರ ಬೆಲೆ ಯುರೋಪಿಗೆ ಗೊತ್ತಾದದ್ದು 1986ರ ನವೆಂಬರ್ 1ರಂದು. ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ 1,300 ಟನ್‌ಗೂ ಹೆಚ್ಚು ಕೀಟನಾಶಕ ಮತ್ತಿತರ ರಾಸಾಯನಿಕಗಳಿದ್ದವು. ಬೆಂಕಿಯೇನೋ ಆರಿತು. ಆರಿಸಿದ ನೀರು ವಿಷವನ್ನೂ ಬಣ್ಣವನ್ನೂ ಹೊತ್ತು ರೈನ್ ನದಿಗೆ ಹರಿದು ನೀರು ಕೆಂಪಾಯಿತು, ಹಾವುಮೀನುಗಳು ಲಕ್ಷಕ್ಕೂ ಮೀರಿ ಸತ್ತು ತೇಲಿದವು. ಬೆಂಕಿ ಆರಿಸಿದ ನೀರನ್ನೂ ಹಿಡಿದಿಡುವ ತೊಟ್ಟಿ ಇರಬೇಕೆಂಬ ನಿಯಮಕ್ಕೆ ಆ ಕೆಂಪು ನೀರು ಕಾರಣ.

ಇನ್ನು ಎಷ್ಟು ಇಡಬಹುದು ಎಂಬ ಪ್ರಶ್ನೆ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಅಗ್ನಿ ಸಂಹಿತೆಯ ಲೆಕ್ಕ ಕುತೂಹಲಕರ. ಸಾಮಾನ್ಯ ಕಟ್ಟಡದ ನೆಲಮಹಡಿಯಲ್ಲಿ, ಬೆಂಕಿ ತಡೆಯುವ ಗೋಡೆಗಳಿಂದ ಬೇರ್ಪಡಿಸಿದ ಒಂದು ವಿಭಾಗದೊಳಗೆ ಅಸಿಟೋನಿನಂಥ ದ್ರವ 120 ಗ್ಯಾಲನ್, ಅಂದರೆ ಸುಮಾರು 450 ಲೀಟರ್ ಮೀರಬಾರದು. ಚಾವಣಿಯಲ್ಲಿ ಸ್ಪ್ರಿಂಕ್ಲರ್ ಇದ್ದರೆ ಅದರ ದುಪ್ಪಟ್ಟು. ಅನುಮೋದಿತ ಲೋಹದ ಕಪಾಟಿನಲ್ಲಿಟ್ಟರೆ ಮತ್ತೆ ದುಪ್ಪಟ್ಟು. ಮೇಲಕ್ಕೆ ಹೋದಂತೆ ಪಾಲು ಕರಗುತ್ತದೆ. ನೆಲಮಹಡಿಯ ಮೇಲಿನ ಅಂತಸ್ತಿನಲ್ಲಿ ಶೇ 75, ಅದರ ಮೇಲೆ ಶೇ 50, ಅಲ್ಲಿಂದಾಚೆಗಿನ ಮೂರು ಅಂತಸ್ತುಗಳಲ್ಲಿ ಶೇ 12.5, ಇನ್ನೂ ಮೇಲೆ ಶೇ 5. ಏಣಿ ತಲುಪುವುದು, ಜನ ಇಳಿಯುವುದು ಎಷ್ಟು ಕಷ್ಟವೋ ಅಷ್ಟು ಕಡಿಮೆ ರಾಸಾಯನಿಕ. ಮಿತಿ ಮೀರಿದರೆ ಆ ಕಟ್ಟಡದ ಜಾತಿಯೇ ಬದಲಾಗಿ ಅತಿ ಅಪಾಯದ ಕಟ್ಟಡಗಳ ಕಠಿಣ ನಿಯಮಗಳು ಅದಕ್ಕೆ ಅನ್ವಯವಾಗುತ್ತವೆ.

ಭಾರತದಲ್ಲಿ ಕಾನೂನಿಗೇನೂ ಬರವಿಲ್ಲ. ಭೋಪಾಲದ ಅನಿಲ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಬಂದವು. ಅವುಗಳ ಪಟ್ಟಿಯಲ್ಲಿ 684 ರಾಸಾಯನಿಕಗಳ ಹೆಸರಿದೆ. ಸ್ಫೋಟಕ, ಪೆಟ್ರೋಲಿಯಂ, ಸಿಲಿಂಡರುಗಳನ್ನು ನೋಡಿಕೊಳ್ಳಲು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆಯಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಗೋದಾಮುಗಳನ್ನು ಒಂದು ಗುಂಪಿಗೂ ಅಪಾಯಕಾರಿ ಕಟ್ಟಡಗಳನ್ನು ಇನ್ನೊಂದಕ್ಕೂ ಸೇರಿಸಿ ನಿಯಮ ಹೇಳುತ್ತದೆ. ದೊಡ್ಡ ಕಾರ್ಖಾನೆ, ಸಂಸ್ಕರಣಾಗಾರಗಳಲ್ಲಿ ಇವೆಲ್ಲ ಹೆಚ್ಚುಕಡಿಮೆ ಪಾಲನೆಯಾಗುತ್ತವೆ. ತಪಾಸಣೆಗೆ ಸಿಗದೆ ಜಾರುವುದು ಊರೊಳಗಿನ ಸಣ್ಣ ಗೋದಾಮು. ಪಟ್ಟಿಯಲ್ಲಿನ ಮಿತಿಗಳು ಟನ್ನುಗಳ ಲೆಕ್ಕದಲ್ಲಿರುತ್ತವೆ, ಇವರ ಬಳಿ ಇರುವುದು ಡ್ರಮ್ಮುಗಳ ಲೆಕ್ಕದಲ್ಲಿ.

2020ರ ನವೆಂಬರ್ 10ರಂದು ಬೆಂಗಳೂರಿನ ಮೈಸೂರು ರಸ್ತೆ ಬದಿಯ ಬಾಪೂಜಿನಗರದಲ್ಲಿ ಹೊತ್ತಿದ್ದು ಅಂಥದ್ದೇ. ಮನೆಗಳ ನಡುವಿದ್ದ ರಾಸಾಯನಿಕ ಗೋದಾಮಿನ ಡ್ರಮ್ಮುಗಳು ಒಂದೊಂದಾಗಿ ಸಿಡಿದವು, ಅಕ್ಕಪಕ್ಕದವರು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಮೂರು ವರ್ಷದ ನಂತರ, 2023ರ ಅಕ್ಟೋಬರ್ 7ರಂದು, ಅತ್ತಿಬೆಲೆಯ ಪಟಾಕಿ ಗೋದಾಮಿನಲ್ಲಿ ಸರಕು ಇಳಿಸುತ್ತಿದ್ದಾಗ ಬೆಂಕಿ ಹೊತ್ತಿ ಕನಿಷ್ಠ 14 ಮಂದಿ ಸತ್ತರು. ಬಹುಪಾಲು ತಮಿಳುನಾಡಿನಿಂದ ಹಬ್ಬದ ಕೆಲಸಕ್ಕೆಂದು ಬಂದ ಹುಡುಗರು. ಅಂಗಡಿ, ಗೋದಾಮು, ಕೆಲಸಗಾರರ ಓಡಾಟ ಎಲ್ಲ ಒಂದೇ ಸೂರಿನಡಿ ಇದ್ದಾಗ ಓಡಲು ದಾರಿ ಇರುವುದಿಲ್ಲ. ಢಾಕಾದ ಹಳೆಯ ಪೇಟೆಯಲ್ಲಿ ಇದೇ ಪದ್ಧತಿ ದಶಕಗಳಿಂದ ಇದೆ, ಕೆಳಗೆ ರಾಸಾಯನಿಕ, ಮೇಲೆ ಸಂಸಾರ. 2010ರಲ್ಲಿ ನಿಮ್ತೊಲಿಯಲ್ಲಿ 120ಕ್ಕೂ ಹೆಚ್ಚು, 2019ರಲ್ಲಿ ಚೂಡಿಹಟ್ಟದಲ್ಲಿ 70ರಷ್ಟು ಜನ ಸುಟ್ಟುಹೋದರು. ನಡುವಿನ ಒಂಬತ್ತು ವರ್ಷಗಳಲ್ಲಿ ಗೋದಾಮುಗಳನ್ನು ಊರಾಚೆ ಸಾಗಿಸುವ ಘೋಷಣೆಗಳಿಗೇನೂ ಕೊರತೆಯಿರಲಿಲ್ಲ.

ಲೇಬಲ್ ಎಂಬ ಕಾಗದದ ತುಂಡಿನ ಬೆಲೆಯನ್ನು ತೋರಿಸಿದ್ದೂ ಬಾಂಗ್ಲಾದೇಶವೇ. 2022ರ ಜೂನ್ 4ರ ರಾತ್ರಿ ಸೀತಾಕುಂಡದ ಕಂಟೇನರ್ ಡಿಪೊಗೆ ಬೆಂಕಿ ಬಿದ್ದಿತು. ಕಂಟೇನರುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇದೆ ಎಂದು ತಮಗೆ ಯಾರೂ ಹೇಳಲಿಲ್ಲ ಎಂದು ಅಗ್ನಿಶಾಮಕ ಇಲಾಖೆ ನಂತರ ಹೇಳಿತು. ಬಟ್ಟೆ, ಸಾಮಾನಿನ ಬೆಂಕಿಯೆಂದು ಹತ್ತಿರ ಹೋದವರ ಮುಂದೆಯೇ ಡಿಪೊ ಸಿಡಿಯಿತು. ಸತ್ತ ಸುಮಾರು 50 ಜನರಲ್ಲಿ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು.

ಮನೆಯ ಮಟ್ಟದಲ್ಲೂ ಇದೇ ನೆರೆಹೊರೆಯ ಲೆಕ್ಕ ನಡೆಯುತ್ತದೆ. ಶೌಚಾಲಯ ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇನ್ನಷ್ಟು ಬೆಳ್ಳಗಾಗಲಿ ಎಂದು ಎರಡನ್ನೂ ಸುರಿದವರು ಕೆಮ್ಮುತ್ತ ಹೊರಗೆ ಓಡಿ ಬಂದಿರುತ್ತಾರೆ. ಬಣ್ಣದ ಥಿನ್ನರ್ ಡಬ್ಬಿ ಒಲೆಯಿರುವ ಕೋಣೆಯಲ್ಲಿ ಇರಬಾರದು. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಸಿ ಇಟ್ಟರೆ ಬೆಂಕಿಗಿಂತ ಮೊದಲು ಬಾಯಾರಿದ ಮಗು ಅದನ್ನು ಹುಡುಕಿಕೊಳ್ಳುತ್ತದೆ. ಸ್ಕೂಟರಿನ ಬ್ಯಾಟರಿಯನ್ನು ರಾತ್ರಿ ಬಾಗಿಲ ಬಳಿ ಚಾರ್ಜಿಗೆ ಹಾಕಿದರೆ ಅದು ಹೊತ್ತಿದಾಗ ಹೊರಹೋಗುವ ದಾರಿಯೇ ಮುಚ್ಚುತ್ತದೆ.

ಬೀದಿಯ ಮಟ್ಟದಲ್ಲಿ ಓದುಗರು ಮಾಡಬಹುದಾದದ್ದು ಒಂದಿದೆ, ಕೇಳುವುದು. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಸೇರಿದ 41ಬಿ ಕಲಮು ಅಪಾಯಕಾರಿ ಕಾರ್ಖಾನೆಯ ಮಾಲೀಕ ತನ್ನಲ್ಲಿರುವ ವಸ್ತುಗಳ ಅಪಾಯವನ್ನು ಕಾರ್ಮಿಕರಿಗೆ ಮಾತ್ರವಲ್ಲ, ಸ್ಥಳೀಯ ಆಡಳಿತಕ್ಕೂ ಸುತ್ತಮುತ್ತಲಿನ ಜನರಿಗೂ ತಿಳಿಸಲೇಬೇಕೆಂದು ಹೇಳಿತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಈ ಹೊಣೆ ಉಳಿದಿದೆ. ರಾಸಾಯನಿಕಗಳ ಕುರಿತ 1989ರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಒಳಗಿರುವುದೇನು, ತಯಾರಿಸಿದವರು ಯಾರು, ಅಪಾಯವೇನು ಎಂಬುದು ಇರಬೇಕು, ಅದರ ಸುರಕ್ಷತಾ ಮಾಹಿತಿ ಪತ್ರ ಸಿದ್ಧವಿರಬೇಕು. ನಿಮ್ಮ ಬೀದಿಯ ಶೆಡ್ಡಿಗೆ ಹೆಸರಿಲ್ಲದ ನೀಲಿ ಡ್ರಮ್ಮುಗಳು ಬಂದಿಳಿಯುತ್ತಿದ್ದರೆ, ಸಂಜೆ ಥಿನ್ನರಿನ ವಾಸನೆ ಹಬ್ಬುತ್ತಿದ್ದರೆ, ವಾರ್ಡಿನ ಕಚೇರಿಗೂ ಹತ್ತಿರದ ಅಗ್ನಿಶಾಮಕ ಠಾಣೆಗೂ ಬರೆದು ಕೇಳಿ: ಅಲ್ಲಿ ಏನಿದೆ, ಎಷ್ಟಿದೆ, ಪರವಾನಗಿ ಯಾವುದಕ್ಕಿದೆ? ಬೆಂಕಿ ಬಿದ್ದ ದಿನ 101ಕ್ಕೋ 112ಕ್ಕೋ ಕರೆ ಮಾಡುವಾಗ ಬೆಂಕಿ ಎಲ್ಲಿ ಎಂಬುದರ ಜೊತೆಗೆ ಉರಿಯುತ್ತಿರುವುದು ಏನು ಎಂಬುದನ್ನೂ ಹೇಳಿ. ಬರುವವರು ನೀರು ತರಬೇಕೋ ನೊರೆ ತರಬೇಕೋ ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ.